ಐಬು ಕೂಗುವ ಬೀರಣ್ಣ

ಆಳಂದದ ದನದ ಸಂತೆಯಲ್ಲಿ ಬೀರಣ್ಣ ಎಂಬ ದಲ್ಲಾಳಿಯೊಬ್ಬನಿದ್ದ. ದಲ್ಲಾಳಿ ಎಂದ ಕೂಡಲೇ ನೀವು ಮೂಗು ಮುರಿಯುತ್ತೀರಿ. ಮುರಿಯಿರಿ, ತಪ್ಪಿಲ್ಲ. ಮುದಿ ಎತ್ತಿನ ಹಲ್ಲು ತಿಕ್ಕಿ ಹರೆಯದ ಹೋರಿ ಮಾಡುವವರು, ಕುಂಟೆತ್ತನ್ನು ಬೇಕೆಂದೇ ಕೆಸರಿನಲ್ಲಿ ನಿಲ್ಲಿಸಿ ಬೆಲೆ ಕುದುರಿಸುವವರು, ಹಾಯುವ ಎತ್ತಿಗೆ ಬೆಳಗ್ಗೆಯೇ ಭಂಗಿ ತಿನ್ನಿಸಿ ಸಾಧುವಿನಂತೆ ಕರೆತರುವವರು, ಎಲ್ಲರೂ ಆ ಬಯಲಿನಲ್ಲಿದ್ದರು. ಎಲ್ಲರೂ ಮಕ್ಕಳು ಮರಿಗಳೊಂದಿಗೆ ಸುಖವಾಗಿ ಬಾಳುತ್ತಿದ್ದರು. ಬೀರಣ್ಣನಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅವನಿಗೆ ದನದ ಐಬನ್ನು, ಅಂದರೆ ಕೊರತೆಯನ್ನು, ಕೂಗಿ ಹೇಳುವ ಚಟವಿತ್ತು.

ಆ ಸಂತೆಯ ಪದ್ಧತಿ ಹೀಗಿತ್ತು. ಬೆಲೆಯ ಮಾತು ಗುಟ್ಟಿನದು. ಕೊಳ್ಳುವವನ ಕೈಯ ಮೇಲೆ ದಲ್ಲಾಳಿ ತನ್ನ ವಸ್ತ್ರ ಹೊದಿಸಿ, ಕೆಳಗೆ ಬೆರಳು ಹಿಡಿದು ಬೆಲೆ ತಿಳಿಸಬೇಕು. ದನದ ಐಬಿನ ಮಾತು ಮಾತ್ರ ಬಾಯಿ ಬಿಟ್ಟು, ಬಯಲಿಗೆಲ್ಲ ಕೇಳುವಂತೆ, ಮೂರು ಸಲ ಕೂಗಬೇಕು. ಕೂಗಿದ ಐಬಿನ ಬಗ್ಗೆ ಆಮೇಲೆ ಜಗಳವಿಲ್ಲ. ಕೂಗದ ಐಬು ಕಂಡರೆ ಮಾರಿದವನು ಎತ್ತನ್ನು ವಾಪಸು ಕಟ್ಟಿಕೊಳ್ಳಬೇಕು, ದಲ್ಲಾಳಿ ತಿಂದದ್ದನ್ನು ಕಕ್ಕಬೇಕು. ಬೇರೆ ದಲ್ಲಾಳಿಗಳು ಈ ಪದ್ಧತಿಯನ್ನು ಬಹಳ ಗೌರವದಿಂದ ಪಾಲಿಸುತ್ತಿದ್ದರು: ಐಬನ್ನು ತಮ್ಮ ಮೀಸೆಗಷ್ಟೇ ಕೇಳುವಂತೆ ಮೂರು ಸಲ ಹೇಳಿ, ಗಟ್ಟಿಯಾಗಿ ಕೆಮ್ಮಿಬಿಡುತ್ತಿದ್ದರು. ಬೀರಣ್ಣ ಕೂಗಿದರೆ ಸಂತೆಯ ಆಚೆ ತುದಿಯಲ್ಲಿ ಮೆಣಸಿನಕಾಯಿ ಮಾರುವವರಿಗೂ ಯಾವ ಎತ್ತು ಯಾವ ಕಾಲಿನಲ್ಲಿ ಕುಂಟುತ್ತದೆಂದು ತಿಳಿಯುತ್ತಿತ್ತು.

ಇದನ್ನು ಅವನ ಧರ್ಮಬುದ್ಧಿ ಎಂದುಕೊಳ್ಳಬೇಡಿ. ಅರ್ಧಕ್ಕಿಂತ ಹೆಚ್ಚು ಜಂಬವೇ. "ನಾ ಕೂಗಿದ ಎತ್ತು ಹೊಳ್ಳಿ ಬಂದಿದ್ದು ತೋರಿಸ್ರಿ, ಮೀಸಿ ಬೋಳಿಸ್ತೇನಿ" ಎಂದು ಪ್ರತಿ ಸಂತೆಗೂ ಸವಾಲು ಹಾಕುತ್ತಿದ್ದ. ಹೊಲವಿಲ್ಲ, ಮನೆಯೆಂದರೆ ಎರಡು ಅಂಕಣ; ಆಸ್ತಿ ಎಂದು ಇದ್ದದ್ದು ಈ ಹೆಸರೊಂದೇ. "ಆ ಹೆಸರು ಕುದಿಸಿದ್ರ ಅಂಬಲಿ ಆಗ್ತದೇನು?" ಎಂದು ಹೆಂಡತಿ ನಿಂಬೆವ್ವ ಕೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಆಗುತ್ತಿತ್ತು. ಬೀರಣ್ಣ ನಿಂತಿದ್ದಾನೆಂದರೆ ಜನ ಎತ್ತಿನ ಬಾಯಿಯನ್ನೂ ನೋಡದೆ ಹಗ್ಗ ಹಿಡಿಯುತ್ತಿದ್ದರು.

ಆ ಬಯಲಿನ ಕರ ವಸೂಲಿಯ ಗುತ್ತಿಗೆ ಸರಸಂಬಾದ ಚಂದ್ರಾಮಪ್ಪಗೌಡರದು. ಅಲ್ಲಿ ಯಾರು ನಿಲ್ಲಬೇಕು, ಯಾರು ನಿಲ್ಲಬಾರದು ಎನ್ನುವುದು ಅವರ ಮರ್ಜಿ. ಗೌಡರಿಗೆ ಒಂದು ಮೋಟಾರಿತ್ತು. ಗುಲ್ಬರ್ಗಾದ ಯಾರೋ ಅಧಿಕಾರಿ ಬಳಸಿ, ಬೇಸತ್ತು, ಕೇವಲ ವಿಶ್ವಾಸಕ್ಕಾಗಿ ಗೌಡರಿಗೆ ದಾಟಿಸಿದ ಮೋಟಾರು. ಅದು ಹೊರಟರೆ ಹಿಂದೆ ಒಂದು ಜೋಡಿ ಎತ್ತೂ ಹೊರಡುತ್ತಿತ್ತು, ಎಳೆದು ತರಲು. ಗೌಡರು ಅದನ್ನು ರಿಪೇರಿಗೆಂದು ಸೊಲ್ಲಾಪುರದ ದೊಡ್ಡ ಮೋಟಾರಂಗಡಿಗೆ ಒಯ್ದರು. ಅಲ್ಲಿನ ಮ್ಯಾನೇಜರು ಬಿಳಿ ಕೋಟಿನ ಸಭ್ಯ ಮನುಷ್ಯ. ಮೋಟಾರಿನ ಸುತ್ತ ಒಂದು ಸಲ ತಿರುಗಿ, ಸತ್ತವರ ಮನೆಗೆ ಬಂದವರಂತೆ ನಿಟ್ಟುಸಿರು ಬಿಟ್ಟು, ಖರ್ಚಿನ ಅಂದಾಜು ಪಟ್ಟಿ ಬರೆಸಿಕೊಟ್ಟರು. ಗೌಡರು ಯೋಚಿಸಿ ಹೇಳುತ್ತೇನೆಂದು ವಾಪಸು ಬಂದರು. ಮುಂದಿನ ಸಲ ಹೋಗುವಷ್ಟರಲ್ಲಿ ಪಟ್ಟಿ ಎರಡರಷ್ಟಾಗಿತ್ತು. ನಡುವೆ ಮೋಟಾರು ಕೊಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ನಿಂತಲ್ಲೇ ನಿಂತು ಅದಕ್ಕೆ ಹೊಸ ರೋಗಗಳು ಅಂಟಿದ್ದವು.

"ಇದಕ್ಕೆ ಹಣ ಸುರಿಯುವುದು ನನಗೇ ನೋಡಲಾಗುವುದಿಲ್ಲ ಗೌಡ್ರೇ," ಎಂದರು ಮ್ಯಾನೇಜರು, ತಮಗೆ ಸುರಿಯಬೇಕಾದ ಹಣದ ಬಗ್ಗೆ ಅತ್ಯಂತ ಕಳಕಳಿಯಿಂದ. "ಇದನ್ನ ನಮಗೆ ಕೊಡಿ, ಮೇಲೆ ಸ್ವಲ್ಪ ಹಾಕಿ, ಹೊಸದರಂಥದ್ದೊಂದು ತಗೊಂಡು ಹೋಗಿ." ಹಳೆಯದಕ್ಕೆ ತಾವು ಕೊಡುವ ಬೆಲೆಯನ್ನು ನಿಜಾಮರ ಹಾಲಿ ರೂಪಾಯಿಯಲ್ಲಿ ಹೇಳಿದರು; ಗೌಡರು ಕೊಡಬೇಕಾದ್ದನ್ನು ಇಂಗ್ಲಿಷರ ಕಲ್ದಾರ್ ರೂಪಾಯಿಯಲ್ಲಿ ಹೇಳಿದರು. ಹಾಲಿ ಹಗುರ, ಕಲ್ದಾರ್ ಭಾರ. ಕೊಡುವಾಗ ಹಗುರಾದ್ದು, ತೆಗೆದುಕೊಳ್ಳುವಾಗ ಭಾರವಾದ್ದು. ಎರಡೂ ಸರ್ಕಾರಗಳಿಗೆ ಸಮನಾಗಿ ಗೌರವ ತೋರಿದಂತಾಯಿತು.

ಗೌಡರಿಗೆ ಇದು ತಾವೊಬ್ಬರೇ ಆಡುವ ಆಟವಲ್ಲ ಎನ್ನಿಸಿತು. ಬೀರಣ್ಣನನ್ನು ಕರೆಸಿದರು.

"ಎತ್ತಿನ ವ್ಯಾಪಾರ ಮಾಡ್ದಂಗ ಇದನ್ನ ಮಾಡಿಕೊಡು. ಆಗ್ತದೋ ಇಲ್ಲೋ?"

"ಯಾಕಾಗಂಗಿಲ್ರಿ? ನಾಕು ಕಾಲಿಂದು ಮಾರ್ತೇನಿ, ನಾಕು ಗಾಲಿಂದು ಮಾರಾಕ ಏನ್ರಿ?" ಎಂದ ಬೀರಣ್ಣ. ಮೋಟಾರನ್ನು ಹತ್ತಿರದಿಂದ ನೋಡಿದ್ದೇ ಅಂದು ಮೊದಲು. ಆದರೆ ಅವನಿಗೆ 'ಬರುವುದಿಲ್ಲ' ಎಂಬ ಮಾತು ಬರುತ್ತಿರಲಿಲ್ಲ. ದಾರಿಯುದ್ದಕ್ಕೂ ಗೌಡರ ಡ್ರೈವರ್ ಗೌಸಮೊಹಿದ್ದೀನನ ಪಕ್ಕ ಕುಳಿತು ಮೋಟಾರಿನ ಚಾಳಿಯನ್ನೆಲ್ಲ ಕೇಳಿಕೊಂಡ. ಪಾಪ, ಗೌಸಮೊಹಿದ್ದೀನನೂ ಒಂದನ್ನೂ ಬಿಡದೆ ಹೇಳಿದ.

ಅಂಗಡಿಯಲ್ಲಿ ತಲೆಯ ಮೇಲೆ ಬೀಸಣಿಗೆ ತಿರುಗುತ್ತಿತ್ತು, ಲಿಂಬಿ ಶರಬತ್ತು ಬಂತು. ಬದಲಿಗೆ ಕೊಡಲಿದ್ದ ಮೋಟಾರು ನಡುಮಧ್ಯೆ ನಿಂತಿತ್ತು. ಕಪ್ಪು ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು. ಬೀರಣ್ಣ ಅದರ ಬೆನ್ನು ತಟ್ಟಿದ, ಮುಂದಿನ ಮುಚ್ಚಳ ಎತ್ತಿಸಿ ಬಾಯಿ ನೋಡಿದ, ಸುತ್ತಲೂ ಸುಳಿ ಹುಡುಕಿದ. ಏನೂ ತಿಳಿಯದಿದ್ದರೂ ತಿಳಿದವನಂತೆ ತಲೆ ಆಡಿಸಿದ. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು ಮ್ಯಾನೇಜರ ಕೈಯ ಮೇಲೆ ಹೊದಿಸಿದ. ಅವರು "ಥ್ಯಾಂಕ್ಯೂ" ಎಂದು ಅದರಲ್ಲಿ ಕೈ ಒರೆಸಿಕೊಂಡು ವಾಪಸು ಕೊಟ್ಟರು.

ಬೀರಣ್ಣ ಎದೆಗುಂದಲಿಲ್ಲ. ಬೆಲೆ ಹೇಗಾದರಾಗಲಿ, ಐಬಿನ ಪದ್ಧತಿ ತಪ್ಪಬಾರದು. ಅಂಗಡಿಯ ಬಾಗಿಲಲ್ಲಿ ನಿಂತು, ಗೌಡರ ಹಳೆಯ ಮೋಟಾರಿನ ಕಡೆ ಕೈ ಮಾಡಿ, ಬೀದಿಗೆಲ್ಲ ಕೇಳುವಂತೆ ಶುರು ಮಾಡಿದ.

"ಕೇಳ್ರೆಪೋ! ಈ ಗಾಡಿ ಏರು ಬಂದ್ರ ಮಲಗ್ತದ! ಇಳುಕಲ್ನ್ಯಾಗ ನಿಲ್ಲು ಅಂದ್ರ ನಿಲ್ಲಂಗಿಲ್ಲ! ಎಣ್ಣಿ ಕುಡೀತದ, ನೀರು ಸೋರ್ತದ! ಹಿಂದಿನ ಎಡಗಾಲಿ ಅಮರಜಾ ಹಳ್ಳದಾಗ ಒಮ್ಮಿ ಕಳಚಿ ಬಿದ್ದಾದ! ಐಬು ಹೇಳೇನಿ, ಆಮ್ಯಾಲ ಕೇಳಬ್ಯಾಡ್ರಿ!"

ಗೌಡರು ಶರಬತ್ತಿನ ಲೋಟ ಕೆಳಗಿಟ್ಟು ಅವನ ಅಂಗಿ ಜಗ್ಗಿದರು. ಮೂರು ಸಲ ಆಗುವವರೆಗೆ ಬೀರಣ್ಣ ನಿಲ್ಲಿಸಲಿಲ್ಲ. ಮ್ಯಾನೇಜರ ಕಣ್ಣಲ್ಲಿ ಸಂತೋಷದ ನೀರು ಬರುವುದೊಂದು ಬಾಕಿ. ಆವರೆಗೆ ಅವರಿಗೆ ಆ ಮೋಟಾರಿನ ನಿಜವಾದ ರೋಗಗಳಲ್ಲಿ ಒಂದೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿದ್ದವೆಲ್ಲ ಅವರ ಸ್ವಂತ ಕಲ್ಪನೆ. ಈಗ ಗುಮಾಸ್ತ ಎರಡನ್ನೂ ಕೂಡಿಸಿದ. ಹಳೆಯದರ ಬೆಲೆ ಕುಸಿದು, ಅದನ್ನು ಅವರು ಇಟ್ಟುಕೊಳ್ಳುವುದೇ ಒಂದು ಉಪಕಾರ ಎನ್ನುವ ಹಂತಕ್ಕೆ ಬಂತು.

"ಈಗ ನಿಮ್ಮ ಗಾಡಿ ಐಬು ಹೇಳ್ರಿ," ಎಂದ ಬೀರಣ್ಣ.

"ನಮ್ಮ ಗಾಡಿಗೆ ಐಬೇ ಇಲ್ಲ."

"ಮೂರು ಸಲ ಹೇಳ್ರಿ."

ಮ್ಯಾನೇಜರು ನಗುತ್ತ ಮೂರು ಸಲ ಹೇಳಿದರು. ಕೇಳಿದ್ದರೆ ಮುನ್ನೂರು ಸಲ ಹೇಳುತ್ತಿದ್ದರು, ನಾಲಿಗೆಗೇನು ಪೆಟ್ರೋಲು ಬೇಕೆ? ಬೀರಣ್ಣನ ಮುಖ ಅರಳಿತು. ಗೌಡರ ಕಿವಿಯಲ್ಲಿ ಹೇಳಿದ: "ಸಿಕ್ಕಿಬಿದ್ದ ನೋಡ್ರಿ ಮಗ! ಐಬೇ ಇಲ್ಲ ಅಂದಾನ. ಇನ್ನ ಒಂದು ಕೀಲು ಹೋದ್ರೂ ಇಂವ ವಾಪಸ್ ಕಟ್ಟಿಕೊಳ್ಳಬೇಕು." ಗೌಡರೂ ಸಂತೆಯ ಪದ್ಧತಿಯಲ್ಲೇ ಬೆಳೆದವರು. ಇಡೀ ಸೊಲ್ಲಾಪುರದಲ್ಲಿ ಆ ಪದ್ಧತಿ ಗೊತ್ತಿದ್ದವರು ತಾವಿಬ್ಬರೇ ಎಂಬುದು ಅವರಿಗೂ ಹೊಳೆಯಲಿಲ್ಲ. ಹಣ ಎಣಿಸಿ, ಕಾಗದಕ್ಕೆ ಸಹಿ ಹಾಕಿ, ಹೊಳೆಯುವ ಮೋಟಾರು ಹತ್ತಿ ಬಂದರು.

ಅದು ಅಕ್ಕಲಕೋಟ ದಾಟುವವರೆಗೆ ಬಹಳ ಮರ್ಯಾದೆಯಿಂದ ನಡೆಯಿತು. ಆಮೇಲೆ ಹೊಟ್ಟೆಯೊಳಗಿಂದ ಜೋಳ ಬೀಸುವ ಸದ್ದು ಶುರುವಾಯಿತು. ಊರಿಗೆ ಬಂದು ಗೌಸಮೊಹಿದ್ದೀನ ಗೇರಿನ ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆ ಎಣ್ಣೆಯಲ್ಲಿ ಕಲಸಿದ ಕಟ್ಟಿಗೆಯ ಪುಡಿ. ಸವೆದ ಹಲ್ಲುಗಳ ಸದ್ದು ಕೇಳಬಾರದೆಂದು ಅಂಗಡಿಯವರು ಪ್ರೀತಿಯಿಂದ ತುಂಬಿದ್ದರು.

ಮೂವರೂ ಮತ್ತೆ ಸೊಲ್ಲಾಪುರಕ್ಕೆ ಹೋದರು. "ನೀವು ಮೂರು ಸಲ ಹೇಳೀರಿ," ಎಂದು ಬೀರಣ್ಣ ಕೂಗಾಡಿದ. ಮ್ಯಾನೇಜರು ಗೌಡರು ಸಹಿ ಹಾಕಿದ ಕಾಗದ ತೆಗೆದು, ಅದರಲ್ಲಿ ಆ ಮಾತು ಎಲ್ಲಿದೆ ತೋರಿಸಿ ಎಂದರು. ನಂತರ ಹೊಸ ಮೋಟಾರಿನ ಸುತ್ತ ಒಂದು ಸಲ ತಿರುಗಿ, ಅದೇ ನಿಟ್ಟುಸಿರು ಬಿಟ್ಟು, ರಿಪೇರಿಗೊಂದು ಅಂದಾಜು ಪಟ್ಟಿ ಬರೆಸಿಕೊಟ್ಟರು. "ನನ್ನನ್ನ ಕೇಳಿದರೆ," ಎಂದು ದನಿ ತಗ್ಗಿಸಿದರು, "ಇದಕ್ಕೆ ಹಣ ಸುರಿಯುವುದಕ್ಕಿಂತ ಬದಲಿ ಮಾಡಿಕೊಳ್ಳಿ." ಪಕ್ಕದಲ್ಲೇ ಗೌಡರ ಹಳೆಯ ಮೋಟಾರು ಹಸಿರು ಬಣ್ಣ ಬಳಿದುಕೊಂಡು ಮದುಮಗಳ ಹಾಗೆ ನಿಂತಿತ್ತು. ಬಾರ್ಸಿಯ ಒಬ್ಬ ಹತ್ತಿ ವ್ಯಾಪಾರಿಗೆ ಗುಮಾಸ್ತ ಅದನ್ನು ತೋರಿಸುತ್ತ, "ಇದಕ್ಕೆ ಐಬೇ ಇಲ್ಲ" ಎನ್ನುತ್ತಿದ್ದ. ಹಿಂದಿನ ಎಡಗಾಲಿಯ ಸುದ್ದಿಯನ್ನು ಆ ಬಡಪಾಯಿಗೆ ಹೇಳಲು ಬೀರಣ್ಣನ ಬಾಯಿ ತುರಿಸಿತು. ಗೌಡರು ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದರು.

ಊರಿನಲ್ಲಿ ಈ ಕತೆ ಮೋಟಾರಿಗಿಂತ ಬೇಗ ಓಡಿತು. ಐಬು ಕೂಗಿ ಗೌಡರನ್ನು ಮುಳುಗಿಸಿದ ಬೀರಣ್ಣ ಎಂದು ಬೇರೆ ದಲ್ಲಾಳಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀರಣ್ಣ ಮೀಸೆ ಬೋಳಿಸಲಿಲ್ಲ, ಆದರೆ ಸವಾಲು ಹಾಕುವುದನ್ನು ಬಿಟ್ಟ.

ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಜರ್ಮನಿಯವರು ಯುದ್ಧ ಹೂಡಿದರು. ಪೆಟ್ರೋಲು ದುಬಾರಿಯಾಯಿತು, ಆಮೇಲೆ ಸಿಗುವುದೇ ಕಷ್ಟವಾಯಿತು. ಗೌಡರು ಈ ಪೀಡೆಯನ್ನು ಯಾರ ತಲೆಗಾದರೂ ಕಟ್ಟಬೇಕೆಂದುಕೊಂಡರು. ಅಫಜಲಪುರದ ತೊಗರಿ ವ್ಯಾಪಾರಿ ಹಣಮಂತ್ರಾಯನಿಗೆ ಮೋಟಾರಿನ ಹುಚ್ಚು ಹತ್ತಿದೆಯೆಂದು ಸುದ್ದಿ ಬಂತು. ಗೌಡರು ಗೇರಿನ ಪೆಟ್ಟಿಗೆಗೆ ಹೊಸದಾಗಿ ಕಟ್ಟಿಗೆಯ ಪುಡಿ ತುಂಬಿಸಿದರು. ಸೊಲ್ಲಾಪುರದಲ್ಲಿ ಕೊಟ್ಟ ದುಡ್ಡಿಗೆ ಈ ವಿದ್ಯೆಯಾದರೂ ದಕ್ಕಿತ್ತು. ಆಮೇಲೆ ಬೀರಣ್ಣನನ್ನು ಕರೆಸಿದರು.

"ಸಂತಿ ದಿನ ಹಣಮಂತ್ರಾಯ ಬರ್ತಾನ. ನೀ ಗಾಡಿ ಬಾಜೂಕ ನಿಂದರು, ಸಾಕು. ಬಾಯಿ ಬಿಚ್ಚಬ್ಯಾಡ."

"ಐಬು...?"

"ಐಬು ಕೂಗಿದೀ ಅಂದ್ರ ಈ ಬಯಲಿನ್ಯಾಗ ಮತ್ತ ಕಾಲಿಡಬ್ಯಾಡ. ಬಾಯಿ ಮುಚ್ಚಿ ನಿಂತೀ ಅಂದ್ರ, ಹಿಂದಿಂದು ಎಲ್ಲಾ ಮಾಫ್."

ಬೀರಣ್ಣ ಮನೆಗೆ ಬಂದು ಮಂಕಾಗಿ ಕುಳಿತ. ನಿಂಬೆವ್ವನಿಗೆ ವಿಷಯ ತಿಳಿದಾಗ ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಒಂದು ದಿನ ಬಾಯಿ ಮುಚ್ಚಿಕೊಂಡ್ರ ನಿನ್ನ ಗಂಟೇನು ಹೋಗ್ತದ? ಊರಾಗಿನ ದಲ್ಲಾಳಿಗೋಳೆಲ್ಲ ಜಲ್ಮ ಪೂರಾ ಮುಚ್ಚಿಕೊಂಡೇ ಉಣ್ಣಾಕತ್ತಾರ." ಬೀರಣ್ಣನಿಗೆ ಅವಳ ಮಾತು ಸರಿ ಎನ್ನಿಸಿತು. ಅವನೇನು ಸಂತನಲ್ಲ. ಸಂತೆಯಲ್ಲಿ ನಿಲ್ಲದೆ ಬದುಕುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ, ಮತ್ತು ಅವನಿಗೆ ಭಯವಾಗಿತ್ತು. ಬಾಯಿ ಮುಚ್ಚಿಕೊಂಡು ನಿಲ್ಲುವುದೆಂದು ನಿಶ್ಚಯ ಮಾಡಿ, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡೇ ಸಂತೆಗೆ ಹೋದ.

ಹಣಮಂತ್ರಾಯ ಬಂದ. ಗೌಡರು ಅಂಗಡಿಯ ಮ್ಯಾನೇಜರನ್ನೂ ಮೀರಿಸುವಂತೆ ನಕ್ಕು, "ಐಬೇ ಇಲ್ಲ" ಎಂದರು. ಹಣಮಂತ್ರಾಯ ಮೋಟಾರಿನ ಕಡೆ ನೋಡಲೇ ಇಲ್ಲ. ಬೀರಣ್ಣನ ಕಡೆ ನೋಡಿ, "ನೀ ನಿಂತೀದಿ ಅಂದ್ರ ನಾ ನೋಡೋದೇನದ ಬೀರಣ್ಣ? ನಿನ್ನ ಕೈಯಾಗ ಕೊಂಡ ಎತ್ತು ಇನ್ನಾ ನಮ್ಮ ಹೊಲದಾಗ ದುಡ್ಯಾಕತ್ತಾವ" ಎಂದು ತಾನೇ ಕೈ ಚಾಚಿದ, ವಸ್ತ್ರ ಹೊದಿಸಲೆಂದು.

ಬೀರಣ್ಣ ವಸ್ತ್ರ ಹೊದಿಸಿದ. ಕೆಳಗೆ ಆ ಕೈ ಹಿಡಿದ. ಆ ಕೈ ಸುಮ್ಮನೆ ನಂಬಿಕೊಂಡು ಅವನ ಕೈಯೊಳಗೆ ಕೂತಿತ್ತು. ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗುಳಿ, ಕೈ ಬಿಟ್ಟು, ಕೂಗಿಯೇ ಬಿಟ್ಟ.

"ಇದರ ಹೊಟ್ಯಾಗ ಕಟ್ಟಿಗಿ ಪುಡಿ ಅದ! ಗೇರಿನ ಹಲ್ಲು ಸವದಾವ! ಸೊಲ್ಲಾಪುರದವರು ನಮಗ ಟೋಪಿ ಹಾಕ್ಯಾರ, ನಾವು ನಿನಗ ಹಾಕಾಕತ್ತೇವಿ!"

ಎರಡನೆಯ ಸಲ ಕೂಗುವಷ್ಟರಲ್ಲೇ ಹಣಮಂತ್ರಾಯ ಟಾಂಗಾದ ಕಡೆ ಹೊರಟಿದ್ದ. ಮೂರನೆಯದನ್ನು ಬೀರಣ್ಣ ಗೌಡರ ಮುಖಕ್ಕೇ ಕೂಗಿದ. ಆ ಹೊತ್ತಿನಲ್ಲಿ ಅವನಿಗೆ ಬಹಳ ಸಂತೋಷವಾಯಿತು. ಸಂಜೆಯವರೆಗೂ ಆ ಸಂತೋಷ ಉಳಿಯಲಿಲ್ಲ. ಗೌಡರ ಆಳುಗಳು ಬಂದು ಅವನ ವಸ್ತ್ರ ಕಿತ್ತುಕೊಂಡು ಬಯಲಿನಿಂದ ಆಚೆ ನೂಕಿದರು.

ಅಲ್ಲಿಂದ ಮುಂದೆ ಬೀರಣ್ಣ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಸಂತೆಗೆ ಹೋಗುವ ದನಗಳು ಮನೆಯ ಮುಂದೆಯೇ ಹಾಯ್ದು ಹೋಗುತ್ತಿದ್ದವು. ನೋಡಿದ ಕೂಡಲೇ ಅವುಗಳ ಐಬು ಕಾಣುತ್ತಿತ್ತು, ಕೂಗಲು ಹಕ್ಕಿರಲಿಲ್ಲ. ಅದು ಅವನಿಗೆ ಹಸಿವಿಗಿಂತ ಹೆಚ್ಚು ಸಂಕಟ ಕೊಟ್ಟಿತು. ನಿಂಬೆವ್ವ ಕೂಲಿಗೆ ಹೋಗಿ ಬಂದು, ಬೈಯುವ ಕೆಲಸವನ್ನು ಒಂದು ದಿನವೂ ತಪ್ಪಿಸದೆ, ರೊಟ್ಟಿ ಬಡಿದು ಹಾಕುತ್ತಿದ್ದಳು. ಸಂತೆಯಲ್ಲಿ ಮಾತ್ರ ಈಗ ಸ್ವರ್ಗ ನೆಲೆಸಿತ್ತು: ಯಾವ ಎತ್ತಿಗೂ ಐಬಿಲ್ಲ, ಎಲ್ಲ ಎತ್ತುಗಳೂ ನಾಲ್ಕು ಹಲ್ಲಿನ ಹರೆಯದವು, ಎಲ್ಲ ದಲ್ಲಾಳಿಗಳೂ ಹೆತ್ತವ್ವನ ಮೇಲೆ ಆಣೆ ಮಾಡುವವರು.

ಯುದ್ಧ ಬೆಳೆಯಿತು. ಪೆಟ್ರೋಲು ಚೀಟಿಗೆ ಬಂತು, ಚೀಟಿ ಗೌಡರಿಗೆ ಬರಲಿಲ್ಲ. ಮೋಟಾರು ಅಂಗಳದಲ್ಲಿ ನಿಂತು ಕೋಳಿ ಮೊಟ್ಟೆ ಇಡುವ ಜಾಗವಾಯಿತು. ಆದರೆ ಮೋಟಾರಿನಲ್ಲಿ ಹೋಗಿ ರೂಢಿಯಾದ ಗೌಡರಿಗೆ ಚಕ್ಕಡಿ ಹತ್ತುವುದು ಮಾನಗೇಡು. ಯಂತ್ರವನ್ನು ಬಿಚ್ಚಿಸಿ ಒಗೆದು, ಮುಂದೆ ನೊಗ ಕಟ್ಟಿಸಿದರು. ಇನ್ನು ಮೋಟಾರಿನ ಅಂತಸ್ತಿಗೆ ತಕ್ಕ ಒಂದು ಜೋಡಿ ಎತ್ತು ಬೇಕಿತ್ತು.

ಸಂತೆಯಲ್ಲಿ ಅಂಥದ್ದೊಂದು ಜೋಡಿ ಬಂದಿತ್ತು. ಜೇವರ್ಗಿಯ ಆಚೆ ಯಡ್ರಾಮಿಯಿಂದ ಸಾಬಮ್ಮ ಎಂಬ ವಿಧವೆ ತಾನೇ ನಡೆಸಿಕೊಂಡು ಬಂದ ಬಿಳಿ ಎತ್ತುಗಳು. ಹೆಣ್ಣುಮಗಳು, ದೂರದವಳು, ಈ ಕಡೆಯ ಜನ ಗೊತ್ತಿಲ್ಲ. ಗೌಡರು ಹತ್ತಿರ ಹೋದರು. ಒಬ್ಬ ದಲ್ಲಾಳಿ ಓಡಿ ಬಂದು, "ಐಬೇ ಇಲ್ರಿ ಗೌಡ್ರ!" ಎಂದ. ಇನ್ನೊಬ್ಬ, "ಬಿಲ್ಕುಲ್ ಐಬೇ ಇಲ್ಲ!" ಎಂದ.

ಆ ಮಾತು ಕಿವಿಗೆ ಬಿದ್ದದ್ದೇ ಗೌಡರು ಒಂದು ಹೆಜ್ಜೆ ಹಿಂದೆ ಸರಿದರು. ಬಿಳಿ ಕೋಟು, ಶರಬತ್ತು, ಕಟ್ಟಿಗೆಯ ಪುಡಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಎತ್ತಿನ ಕಾಲು ನೋಡಿದರು, ಬಾಯಿ ನೋಡಿದರು, ಏನೂ ತಿಳಿಯಲಿಲ್ಲ. ಇಷ್ಟು ವರ್ಷ ಅವರು ಎತ್ತು ನೋಡಿದ್ದೇ ಬೀರಣ್ಣನ ಬಾಯಿಂದ. ಮಾರುವಾಗ ಯಾರನ್ನು ಊರಾಚೆ ಇಡಬೇಕು ಎನ್ನಿಸಿತ್ತೋ, ಕೊಳ್ಳುವಾಗ ಅವನೇ ಬೇಕಾದ. ಸ್ವಲ್ಪ ಹೊತ್ತು ಹಲ್ಲು ಕಡಿದು, ಗೌಸಮೊಹಿದ್ದೀನನನ್ನು ಕರೆದು, "ಹೋಗು, ಆ ಹರಾಮಖೋರನ್ನ ಕರ್ಕೊಂಡು ಬಾ" ಎಂದರು.

ಬೀರಣ್ಣ ಬಂದ. ನಿಂಬೆವ್ವನ ಹಳೆಯ ಸೀರೆಯ ತುಂಡೊಂದನ್ನು ಹೆಗಲ ಮೇಲೆ ಹಾಕಿಕೊಂಡಿದ್ದ. ಗೌಡರಿಗೆ ನಮಸ್ಕಾರ ಮಾಡಿದ, ಎತ್ತುಗಳ ಸುತ್ತ ತಿರುಗಿದ, ಕಿವಿಯ ಹಿಂದೆ ಕೆರೆದ, ಗೊರಸು ಎತ್ತಿ ನೋಡಿದ, ಸಾಬಮ್ಮನನ್ನು ಅವುಗಳ ಚಾಳಿ ಕೇಳಿದ. ಆಮೇಲೆ ಮೊದಲಿನ ದನಿಯಲ್ಲೇ ಕೂಗಿದ: ಬಲಗಡೆಯದು ನೀರಿಗೆ ಹೆದರುತ್ತದೆ, ಎಡಗಡೆಯದಕ್ಕೆ ಹೆಗಲು ಒಮ್ಮೆ ಬಾತು ಇಳಿದಿದೆ, ಬೇರೆ ಐಬಿಲ್ಲ. ಮೂರು ಸಲ ಕೂಗಿದ. ಸಾಬಮ್ಮ ಹೌದೆಂದು ತಲೆ ಆಡಿಸಿದಳು. ಗೌಡರಿಗೆ ಹೋದ ಜೀವ ಬಂದಂತಾಯಿತು. ವಸ್ತ್ರದ ಕೆಳಗೆ ಬೆಲೆ ಕೂಡಿತು.

"ಸುಗ್ಗಿಗೆ ಬಾರಬೇ, ಕೊಡ್ತೇನಿ," ಎಂದು ಗೌಡರು ಎತ್ತಿನ ಹಗ್ಗಕ್ಕೆ ಕೈ ಹಾಕಿದರು.

ಬೀರಣ್ಣ ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡ. ಮತ್ತೆ ಬಯಲಿನ ಕಡೆ ತಿರುಗಿದ.

"ಕೇಳಬೇ ಸಾಬಮ್ಮ! ಕೊಳ್ಳೋರ ಐಬು ಹೇಳಾಕತ್ತೇನಿ! ಇವರು ಸುಗ್ಗಿಗೆ ಬಾ ಅಂತಾರ, ಸುಗ್ಗಿಗೆ ಬಂದ್ರ ಊರಾಗ ಇರಂಗಿಲ್ಲ! ಯುಗಾದಿಗೆ ಬಾ ಅಂತಾರ, ಯುಗಾದಿಗೆ ಬಂದ್ರ ನೀ ಯಾರು ಅಂತಾರ! ಸಿಟ್ಟಿಗೆದ್ರ ಆಳಿಗೂ ಹೊಡೀತಾರ, ಎತ್ತಿಗೂ ಹೊಡೀತಾರ! ಐಬು ಹೇಳೇನಿ, ಆಮ್ಯಾಲ ಕೇಳಬ್ಯಾಡ!"

ಬೀರಣ್ಣ ಎರಡನೆಯ ಸಲ ಕೂಗಿದ. ಗೌಡರ ಆಳುಗಳು ಗೌಡರ ಮುಖ ನೋಡಿದರು. ಗೌಡರು ಸುತ್ತ ನಿಂತ ಜನರ ಮುಖ ನೋಡಿದರು. ಅವರಲ್ಲಿ ಸುಗ್ಗಿಗೂ ಯುಗಾದಿಗೂ ಬಂದು ಬರಿಗೈಯಲ್ಲಿ ಹೋದವರೇ ಬಹಳ ಇದ್ದರು. ಬೀರಣ್ಣ ಮೂರನೆಯ ಸಲ ಕೂಗಿ ಮುಗಿಸಿದ.

ಸಾಬಮ್ಮ ಹಗ್ಗವನ್ನು ಗೌಡರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ತನ್ನ ಮುಂಗೈಗೆ ಸುತ್ತಿಕೊಂಡಳು.

"ಹಂಗಾದ್ರ ಈಗೇ ಕೊಟ್ಟು ಒಯ್ರಿ ಯಪ್ಪಾ," ಎಂದಳು.

ಗೌಡರು ಮತ್ತೊಮ್ಮೆ ಎತ್ತುಗಳನ್ನು ನೋಡಿದರು. ಆಮೇಲೆ ಸೊಂಟದ ಚೀಲ ಬಿಚ್ಚಿದರು. ಆ ಸಂತೆಯಲ್ಲಿ ಅವರು ನಗದು ಕೊಟ್ಟು ಕೊಂಡದ್ದು ಅದೇ ಮೊದಲು.